ನೀಲಿ ಗಾಜಿನ ಲಾಂದ್ರ, ಹಸಿರು ದೀಪ: ಹಡಗಿನ ಹಳೆಯ ದೀಪಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಹಳೇ ಸಾಮಾನಿನ ಅಂಗಡಿಯಲ್ಲಿ ತಾಮ್ರದ ಹಡಗಿನ ಲಾಂದ್ರ ಕೊಂಡೆ. ಹಳೆಯ ಹಡಗುಗಳನ್ನು ಒಡೆಯುವ ಗುಜರಾತಿನ ಅಲಂಗ್‌ನಿಂದ ಬಂದದ್ದಂತೆ. ಹೆಸರಿನ ಫಲಕ ಕಳಚಿಹೋಗಿದೆ. ಗಾಜು ನೀಲಿ, ಓರೆಯಾಗಿ ನೋಡಿದರೆ ಚೂರು ಹಸಿರು. ‘ನೀಲಿ ದೀಪ ಬಲು ಅಪರೂಪ’ ಎಂದು ಬೆಲೆ ಏರಿಸಿದರು. ಇದು ಯಾವ ದೀಪ? (ಮಂಗಳೂರಿನ ಓದುಗರು)

ಉತ್ತರ: ಬಹುಮಟ್ಟಿಗೆ ಅದು ಹಡಗಿನ ಬಲಬದಿಯ ಹಸಿರು ದೀಪ. ಅಪರೂಪವೇನಲ್ಲ.

ಸೀಮೆಎಣ್ಣೆಯ ಉರಿಯಲ್ಲಿ ಕೆಂಪು, ಹಳದಿ ಧಾರಾಳ, ನೀಲಿ ತೀರಾ ಕಡಿಮೆ. ಅದರ ಮುಂದೆ ಎಲೆಹಸಿರು ಗಾಜು ಇಟ್ಟರೆ ಹೊರಬರುವ ಬೆಳಕು ಹಳದಿಗೆ ವಾಲುತ್ತದೆ, ದೂರದ ಹಡಗಿನವರಿಗೆ ಬಿಳಿ ದೀಪದಂತೆಯೇ ಕಾಣಬಹುದು. ಅದಕ್ಕೇ ಗಾಜಿನವರು ಬಣ್ಣವನ್ನು ನೀಲಿಯತ್ತ ತಳ್ಳಿದರು. ಆ ಗಾಜು ಉರಿಯ ಕೆಂಪನ್ನು ತಡೆಯುತ್ತದೆ, ಉಳಿದದ್ದು ಕಣ್ಣಿಗೆ ಹಸಿರಾಗಿ ಕಾಣುತ್ತದೆ. ಹಗಲಲ್ಲಿ ನೀಲಿ, ಹೊತ್ತಿಸಿದರೆ ಹಸಿರು. ಇದರ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಮತ್ತೆ ನೀಲಿಯೇ, ಏಕೆಂದರೆ ಎಲ್‌ಇಡಿಯ ಬೆಳಕಿನಲ್ಲಿ ನೀಲಿ ಹೇರಳ. ಅಂಗಡಿಯವರು ಮೊಬೈಲ್ ಟಾರ್ಚ್ ಹಿಡಿದು ತೋರಿಸಿದ್ದರೆ ಅದು ಪರೀಕ್ಷೆಯೇ ಅಲ್ಲ.

ಕತ್ತಲಾದ ಮೇಲೆ ಗಾಜಿನ ಹಿಂದೆ ಸೀಮೆಎಣ್ಣೆ ಬುಡ್ಡಿಯನ್ನೋ ಎಣ್ಣೆ ಹಣತೆಯನ್ನೋ ಇಟ್ಟು ಇಪ್ಪತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಹಸಿರು ಕಂಡರೆ ಬಲಬದಿಯ ದೀಪ. ಆಗಲೂ ಅಪ್ಪಟ ನೀಲಿಯಾಗಿಯೇ ಉಳಿದರೆ ಯಾರೋ ಆಮೇಲೆ ಕೂರಿಸಿದ ಅಲಂಕಾರದ ಗಾಜು ಎಂದು ಶಂಕಿಸಬೇಕು. ಸಮುದ್ರದ ಹಡಗುಗಳ ಖಾಯಂ ದೀಪಗಳಲ್ಲಿ ಬಿಳಿ, ಕೆಂಪು, ಹಸಿರು, ಹಳದಿ ಉಂಟು, ನೀಲಿ ಇಲ್ಲ. ಯುರೋಪಿನ ನದಿಗಳಲ್ಲಿ ಅಪಾಯಕಾರಿ ಸರಕು ಒಯ್ಯುವ ದೋಣಿಗಳು ನೀಲಿ ದೀಪ ಇಡುತ್ತವೆ ನಿಜ, ಆದರೆ ಅದು ಸುತ್ತಲೂ ಕಾಣುವ ದೀಪ. ನಿಮ್ಮದು ಒಂದೇ ಮಗ್ಗುಲಿಗೆ ತೆರೆದಿದೆಯೇ ನೋಡಿಕೊಳ್ಳಿ.

ದೀಪದ ಜಾತಿ ಹೇಳುವುದು ಬಣ್ಣಕ್ಕಿಂತ ಹೆಚ್ಚಾಗಿ ಈ ತೆರಪೇ. ದಿಕ್ಸೂಚಿಯ ಸುತ್ತನ್ನು 32 ಪಾಲು ಮಾಡಿದರೆ ಒಂದು ಪಾಲು 11.25 ಡಿಗ್ರಿ. ಬದಿಯ ಕೆಂಪು, ಹಸಿರು ದೀಪಗಳಿಗೆ ತಲಾ 10 ಪಾಲು, ಅಂದರೆ 112.5 ಡಿಗ್ರಿ. ಹಿಂಬದಿಯ ಬಿಳಿ ದೀಪಕ್ಕೆ 12 ಪಾಲು, 135 ಡಿಗ್ರಿ. ಕೂವೆಮರದ, ಅಂದರೆ ಹಡಗಿನ ಎತ್ತರದ ಕಂಬದ, ಬಿಳಿ ದೀಪಕ್ಕೆ 20 ಪಾಲು, 225 ಡಿಗ್ರಿ. ಗಾಜಿನ ಹೊರಮೈಗೆ ದಾರ ಸುತ್ತಿ ಅಳೆಯಿರಿ. ಗಾಜಿನ ಪೂರ್ಣ ವೃತ್ತದ ವ್ಯಾಸ 20 ಸೆಂ.ಮೀ. ಆಗುವಂತಿದ್ದರೆ ಸುತ್ತಳತೆ ಸುಮಾರು 62.8 ಸೆಂ.ಮೀ. ಅದರಲ್ಲಿ ತೆರೆದ ಭಾಗ 19.6 ಸೆಂ.ಮೀ. ಆಸುಪಾಸು ಬಂದರೆ ಬದಿಯ ದೀಪ, 23.6 ಬಂದರೆ ಹಿಂಬದಿಯದು, 39.3 ಬಂದರೆ ಕೂವೆಮರದ್ದು. ಚೌಕಟ್ಟಿನಲ್ಲಿ ಗಾಜು ಒಂದಿಷ್ಟು ಹೆಚ್ಚೇ ಇರುತ್ತದೆ, ಆದ್ದರಿಂದ ಬದಿಯ ದೀಪಕ್ಕೂ ಹಿಂಬದಿಯದಕ್ಕೂ ಗೊಂದಲವಾಗಬಹುದು. ಅಲ್ಲಿ ಮಾತ್ರ ಬಣ್ಣದ ಸಾಕ್ಷಿ ಕೇಳಿ.

ಫಲಕ ಹೋಗಿದ್ದರೂ ಮುಚ್ಚಳದ ಒಳಗೆ, ಎಣ್ಣೆ ಡಬ್ಬಿಯ ತಳದಲ್ಲಿ ಅಚ್ಚು ಹುಡುಕಿ. ‘ಪೋರ್ಟ್’ ಎಡ, ‘ಸ್ಟಾರ್‌ಬೋರ್ಡ್’ ಬಲ. ಫ್ರೆಂಚ್ ಲಾಂದ್ರದಲ್ಲಿ ‘ಬಾಬೋರ್’ ಎಡ, ‘ತ್ರಿಬೋರ್’ ಬಲ. ಜರ್ಮನ್ನರ ‘ಬಾಕ್‌ಬೋರ್ಡ್’ ಎಂದರೆ ಎಡವೇ, ‘ಹಿಂಭಾಗ’ ಅಲ್ಲ. ಜಪಾನಿನ ಲಾಂದ್ರವಾದರೆ ಮೊದಲ ಅಕ್ಷರದ ಕೆಳಭಾಗ ನೋಡಿ: ಚೌಕದ ಗೂಡು ಇದ್ದರೆ ಬಲ, ಎರಡು ಅಡ್ಡಗೆರೆಗಳ ನಡುವೆ ನೆಟ್ಟಗೆ ಒಂದು ಗೀಟು ಇದ್ದರೆ ಎಡ.

ಪ್ರಶ್ನೆ: ಕೆಂಪು, ಹಸಿರು ಜೋಡಿ ಲಾಂದ್ರ ಸಿಕ್ಕಿದೆ. ಗೇಟಿನ ಎರಡು ಕಂಬಕ್ಕೆ ಹಾಕಿ ಕರೆಂಟು ಕೊಡಬೇಕು. ಯಾವುದು ಯಾವ ಕಡೆ? (ಬೆಂಗಳೂರಿನ ಓದುಗರು)

ಉತ್ತರ: ಹಡಗಿನಲ್ಲಿ ಮುಂದಕ್ಕೆ ಮುಖ ಮಾಡಿ ನಿಂತವರ ಎಡಗೈಗೆ ಕೆಂಪು, ಬಲಗೈಗೆ ಹಸಿರು. 1848ರಲ್ಲಿ ಬ್ರಿಟಿಷ್ ನೌಕಾ ಇಲಾಖೆ ಹಬೆ ಹಡಗುಗಳಿಗೆ ವಿಧಿಸಿದ ಈ ಕ್ರಮವೇ 1972ರ ಅಂತರರಾಷ್ಟ್ರೀಯ ನಿಯಮಗಳಲ್ಲೂ ಇದೆ. ಮನೆಯೇ ಹಡಗು ಎಂದುಕೊಂಡು ಬಾಗಿಲಲ್ಲಿ ಬೀದಿಗೆ ಮುಖ ಮಾಡಿ ನಿಲ್ಲಿ, ಎಡಗಡೆಯ ಕಂಬಕ್ಕೆ ಕೆಂಪು. ಬರುವವರಿಗೆ ಅದು ಬಲಕ್ಕೆ ಕಾಣುತ್ತದೆ, ಎದುರಿನಿಂದ ಬರುವ ಹಡಗೂ ಹಾಗೆಯೇ ಕಾಣುವುದು.

ಎಣ್ಣೆ ಲಾಂದ್ರವಾದರೆ ಡಬ್ಬಿಗೆ ತೂತು ಕೊರೆಯಬೇಡಿ, ಕೊರೆದರೆ ಅರ್ಧ ಬೆಲೆ ಅಲ್ಲೇ ಹೋಯಿತು. ಬತ್ತಿಯ ಬರ್ನರನ್ನೂ ಡಬ್ಬಿಯನ್ನೂ ಎತ್ತಿಟ್ಟು, ಆ ಜಾಗಕ್ಕೆ ಹೋಲ್ಡರ್ ಇರುವ ಮರದ ದಿಮ್ಮಿ ಕೂರಿಸಿ. ಗಾಜಿನ ನಡುಮಧ್ಯದ ದಪ್ಪ ಪಟ್ಟಿಯ ಎತ್ತರಕ್ಕೇ ಬಲ್ಬಿನ ಬೆಳಕು ಬರಬೇಕು. ಮೇಲೆ ಕೆಳಗಿನ ಏಣುಗಳು ಇರುವುದೇ ಆ ಮಟ್ಟದ ಬೆಳಕನ್ನು ಅಡ್ಡಲಾಗಿ ದೂರ ತಳ್ಳುವುದಕ್ಕೆ. ಒಂದೆರಡು ಸೆಂ.ಮೀ. ತಪ್ಪಿದರೂ ಬೆಳಕು ಆಕಾಶಕ್ಕೋ ನೆಲಕ್ಕೋ ಹೋಗುತ್ತದೆ. ಬಲ್ಬು 4–5 ವ್ಯಾಟಿನ, ಬೆಳಕಿನ ಛಾಯೆಯ ಅಳತೆಯಲ್ಲಿ 2700 ಕೆಲ್ವಿನ್ ಅಥವಾ ಅದಕ್ಕೂ ಕಡಿಮೆಯ, ಹಳದಿ ಛಾಯೆಯ ಎಲ್‌ಇಡಿ ಇರಲಿ. ಬಿಳಿಯದು ಹಾಕಿದರೆ ಹಸಿರು ನೀಲಿಯಾಗುತ್ತದೆ, ಕೆಂಪು ಮಂಕಾಗುತ್ತದೆ.

ಮೊದಲೇ ವಿದ್ಯುತ್ತಿನ ಲಾಂದ್ರವಾಗಿದ್ದರೆ ಫಲಕದಲ್ಲಿ ವೋಲ್ಟ್ ಓದಿ. 24 ವೋಲ್ಟಿನದಕ್ಕೆ ಮನೆಯ 230 ವೋಲ್ಟ್ ನೇರ ಕೊಟ್ಟರೆ ಬಲ್ಬು ಢಮಾರ್. ಹಳೆಯ ವೈರು ಪೂರ್ತಿ ತೆಗೆಸಿ, ಮೂರೆಳೆ ವೈರಿನ ಅರ್ಥಿಂಗ್ ಎಳೆಯನ್ನು ಲೋಹದ ಮೈಗೆ ಸ್ಕ್ರೂ ಹಾಕಿ ಬಿಗಿಸಿ. ಮಳೆಯಲ್ಲಿ ನೆನೆಯುವ ತಾಮ್ರದ ಪೆಟ್ಟಿಗೆಗೆ ಅರ್ಥಿಂಗ್ ಬಿಟ್ಟರೆ ಗೇಟು ಮುಟ್ಟಿದವರ ಗತಿ ಹೇಳಬೇಕಿಲ್ಲ.

ಪ್ರಶ್ನೆ: ಸುತ್ತಲೂ ಕೆಂಪು ಗಾಜಿರುವ ಎರಡು ಲಾಂದ್ರಗಳಿವೆ. ಇವೂ ಎಡಬದಿಯವೇ? (ಕಾರವಾರದ ಓದುಗರು)

ಉತ್ತರ: ಅಲ್ಲ. ಸುತ್ತಲೂ ಕಾಣುವ ಎರಡು ಕೆಂಪು ದೀಪ ಒಂದರ ಕೆಳಗೊಂದು ತೂಗಿದರೆ ‘ಹಡಗು ನಮ್ಮ ಹಿಡಿತದಲ್ಲಿಲ್ಲ’ ಎಂದರ್ಥ. ಎಂಜಿನ್ನೋ ಚುಕ್ಕಾಣಿಯೋ ಕೆಟ್ಟಾಗ ಏರಿಸುವುದು. ಜೋಡಿಯಾಗಿ ಸಿಕ್ಕಿರುವುದರಿಂದ ಇದೇ ಹೆಚ್ಚು ಸಂಭವ. ಒಂಟಿಯಾಗಿದ್ದರೆ ಬೇರೆ ಸಾಧ್ಯತೆಗಳೂ ಉಂಟು: ಬಿಳಿಯ ಕೆಳಗೆ ಕೆಂಪು ಪೈಲಟ್ ದೋಣಿ (ಹಡಗಿಗೆ ದಾರಿ ತೋರುವವರನ್ನು ಒಯ್ಯುವುದು), ಬಿಳಿಯ ಮೇಲೆ ಕೆಂಪು ಟ್ರಾಲ್ (ನೀರಿನಲ್ಲಿ ಎಳೆದೊಯ್ಯುವ ಬಲೆ) ಅಲ್ಲದ ಮೀನುಗಾರಿಕೆ. ಟ್ರಾಲ್ ದೋಣಿಯದು ಬಿಳಿಯ ಮೇಲೆ ಹಸಿರು.

ಪ್ರಶ್ನೆ: ಹುಣಸೆಹಣ್ಣು ಹಾಕಿ ತಿಕ್ಕಬಹುದೇ? ಹೊಸ ನಕಲು ಎಂದು ತಿಳಿಯುವುದು ಹೇಗೆ? (ಶಿವಮೊಗ್ಗದ ಓದುಗರು)

ಉತ್ತರ: ತಾಮ್ರ, ಹಿತ್ತಾಳೆಗೆ ಆಗಬಹುದು, ಆದರೆ ಹಚ್ಚಿ ಮರೆತುಬಿಡಬೇಡಿ. ಹುಳಿ ಹೆಚ್ಚು ಹೊತ್ತು ನಿಂತರೆ ಹಿತ್ತಾಳೆಯ ಸತುವನ್ನು ತಿಂದು ಕೆಂಚು ಕಲೆ ಉಳಿಸುತ್ತದೆ. ಐದು ನಿಮಿಷದೊಳಗೆ ತೊಳೆದು, ಅಡುಗೆ ಸೋಡಾ ನೀರಿನಲ್ಲಿ ಮತ್ತೊಮ್ಮೆ ಜಾಲಾಡಿ ಬಿಸಿಲಲ್ಲಿ ಒಣಗಿಸಿ. ಸತು ಲೇಪಿಸಿದ ಕಬ್ಬಿಣದ ಲಾಂದ್ರಕ್ಕೆ ಹುಳಿ ಸೋಕಿಸಲೇಬೇಡಿ. ಬಣ್ಣ ಕೀಳಲು ಗ್ಯಾಸ್ ಉರಿ ಹಿಡಿದರೆ ತವರ-ಸೀಸದ ಬೆಸುಗೆ 183 ಡಿಗ್ರಿಗೇ ಕರಗಲು ಶುರುವಾಗಿ ಕೀಲುಗಳು ಬಿಡುತ್ತವೆ. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಒಣಗಿದ್ದಾಗಲೇ ಉಜ್ಜಿ ಧೂಳೆಬ್ಬಿಸಬೇಡಿ.

ನಕಲಿನ ಗುರುತು ತೂಕ ಮತ್ತು ಗಾಳಿಯ ದಾರಿ. ಉರಿಯುವ ಲಾಂದ್ರಕ್ಕೆ ಕೆಳಗೆ ಗಾಳಿ ತೂತು, ಮೇಲೆ ಬಿರುಗಾಳಿ ಒಳನುಗ್ಗದಂತೆ ಎರಡು ಪದರದ ಟೋಪಿ ಬೇಕೇ ಬೇಕು. ಹಿತ್ತಾಳೆ ಸಾಮಾನಿಗೆ ಹೆಸರಾದ ಉತ್ತರ ಪ್ರದೇಶದ ಮೊರಾದಾಬಾದಿನ ಅಲಂಕಾರದ ಲಾಂದ್ರಗಳಲ್ಲಿ ತಗಡು ತೆಳು, ಟೋಪಿ ಬರೀ ಶೋಕಿಗೆ. ಗಾಜಿನ ಅಂಚಿನ ಮರೆಯಲ್ಲಿ ಉಗುರಿನಿಂದ ಕೆರೆಯಿರಿ, ಇಲ್ಲವೇ ಉಗುರುಬಣ್ಣ ತೆಗೆಯುವ ದ್ರವದ ಒಂದು ಹನಿ ಹತ್ತಿಯಲ್ಲಿ ಒತ್ತಿ. ಬಣ್ಣ ಹತ್ತಿಗೆ ಅಂಟಿದರೆ ಅದು ಬಳಿದ ಬಣ್ಣ.