ಅಂಗಳದ ಮಾವಿಗೆ ಕತ್ತರಿ ಯಾವಾಗ?

ಪ್ರಶ್ನೆ: ಮಕ್ಕಳ ಕೂದಲನ್ನು ಮನೆಯಲ್ಲಿ ನಾನೇ ಕತ್ತರಿಸುತ್ತೇನೆ. ಅದೇ ಧೈರ್ಯದಿಂದ ಕಳೆದ ನವೆಂಬರಿನಲ್ಲಿ ಅಂಗಳದ ಮಾವಿನ ಮರವನ್ನೂ ಸುತ್ತಲೂ ಸಮನಾಗಿ ಸವರಿದೆ. ಈ ವರ್ಷ ಹೂವೇ ಬಿಡಲಿಲ್ಲ. ದಪ್ಪ ಕೊಂಬೆಯೊಂದನ್ನು ಕೊಯ್ಯುವಾಗ ಕಾಂಡದ ತೊಗಟೆಯೂ ಸುಲಿದುಬಂತು. ತಪ್ಪೆಲ್ಲಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಕೂದಲು ಬುಡದಿಂದ ಬೆಳೆಯುತ್ತದೆ, ಅದರ ತುದಿಯನ್ನು ಯಾವಾಗ ಕತ್ತರಿಸಿದರೂ ನಷ್ಟವಿಲ್ಲ. ಮಾವಿನ ಹೂಗೊಂಚಲು ಬಲಿತ ಚಿಗುರಿನ ತುದಿಯಲ್ಲಿ ಮೂಡುವುದರಿಂದ, ನವೆಂಬರಿನಲ್ಲಿ ತಾವು ಸವರಿದ್ದು ಬರಲಿದ್ದ ಹೂವನ್ನೇ. ಕೊಯ್ಲು ಮುಗಿದ ಕೂಡಲೇ, ಮಳೆ ಬಿಡುವು ಕೊಟ್ಟ ದಿನ ನೋಡಿ ಸವರಿದರೆ, ಹೊಸ ಚಿಗುರು ಚಳಿಗಾಲದೊಳಗೆ ಬಲಿಯಲು ಸಮಯ ಸಿಗುತ್ತದೆ. ಸುತ್ತಲೂ ಸಮ ಮಾಡುವುದಕ್ಕಿಂತ ಒಣಗಿದ, ಒಂದಕ್ಕೊಂದು ಉಜ್ಜುವ ಕೊಂಬೆಗಳನ್ನು ತೆಗೆದು ನಡುವೆ ಬಿಸಿಲು ಬೀಳುವಂತೆ ಮಾಡುವುದೇ ಮುಖ್ಯ.

ತೊಗಟೆ ಸುಲಿದದ್ದು ಕೊಂಬೆಯ ಭಾರದಿಂದ. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಕೆಳಗಿನಿಂದ ಮೂರನೆಯ ಒಂದು ಭಾಗದಷ್ಟು ಗರಗಸ ಹಾಕಿ, ಅದಕ್ಕಿಂತ ತುಸು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಸಿಗಿಯದೆ ಬೀಳುತ್ತದೆ. ಉಳಿದ ಮೋಟನ್ನು, ಬುಡದಲ್ಲಿ ಉಬ್ಬಿರುವ ಸುಕ್ಕುಗಟ್ಟಿದ ಬಳೆಯಂಥ ಭಾಗಕ್ಕೆ ತಾಗದಂತೆ, ಅದರ ಹೊರಗೆ ಕೊಯ್ಯಬೇಕು. ಗಾಯವನ್ನು ಮುಚ್ಚುವ ಅಂಗಾಂಶ ಹುಟ್ಟುವುದು ಅಲ್ಲಿಂದಲೇ. ಈಗ ಸುಲಿದಿರುವ ಜಾಗದ ಸಡಿಲ ತೊಗಟೆಯನ್ನು ಹರಿತವಾದ ಚಾಕುವಿನಿಂದ ತೆಗೆದು, 100 ಗ್ರಾಂ ಮೈಲುತುತ್ತ ಮತ್ತು 100 ಗ್ರಾಂ ಸುಣ್ಣವನ್ನು ಬೇರೆಬೇರೆ ಪ್ಲಾಸ್ಟಿಕ್ ಪಾತ್ರೆಗಳಲ್ಲಿ ಅರ್ಧರ್ಧ ಲೀಟರ್ ನೀರಿನಲ್ಲಿ ಕರಗಿಸಿ, ಬೆರೆಸಿದ ಬೋರ್ಡೋ ಮುಲಾಮನ್ನು ಅಂದೇ ಬಳಿಯಿರಿ. ಮಕ್ಕಳನ್ನು ಅದರಿಂದ ದೂರವಿಡಿ.