ಸಂಪಾದಕರ ಉತ್ತರ: ಕಂಪ್ಯೂಟರ್‌ನಲ್ಲಿ ತಾಳಿಕೋಟೆ ಗೆದ್ದರೆ...

ಬೀದರ್‌ನಿಂದ ಬರೆದ ಇಂಜಿನಿಯರಿಂಗ್ ವಿದ್ಯಾರ್ಥಿ ಮಿತ್ರರೆ,

1565ರ ತಾಳಿಕೋಟೆ ಯುದ್ಧವನ್ನು, ಕದನದಲ್ಲಿ ಸೈನ್ಯ ಎಷ್ಟು ಕರಗುತ್ತದೆ ಎಂದು ಲೆಕ್ಕ ಹಾಕುವ ಲ್ಯಾಂಚೆಸ್ಟರ್‌ನ ವರ್ಗದ ಸೂತ್ರ ಹಾಕಿ ಕಂಪ್ಯೂಟರ್‌ನಲ್ಲಿ ಆಡಿಸಿದ್ದೀರಿ. ಹಳೆಯ ಬರಹ ನೋಡಿ ವಿಜಯನಗರಕ್ಕೆ 6 ಲಕ್ಷ, ಸುಲ್ತಾನರಿಗೆ 3 ಲಕ್ಷ ಸೈನಿಕರನ್ನು ಕೊಟ್ಟಿದ್ದೀರಿ. ಪ್ರತಿ ಸಲವೂ ವಿಜಯನಗರವೇ ಗೆಲ್ಲುತ್ತಿದೆ. "ತಪ್ಪಿರುವುದು ಗಣಿತವೋ, ಇತಿಹಾಸವೋ?" ಎಂದು ಕೇಳಿದ್ದೀರಿ.

ನೀವು ಯಂತ್ರಕ್ಕೆ ಏನು ಕೊಟ್ಟಿರಿ, ಮೊದಲು ಅದನ್ನು ನೋಡೋಣ.

ಲ್ಯಾಂಚೆಸ್ಟರ್ ಇಂಗ್ಲೆಂಡಿನ ಕಾರು ಇಂಜಿನಿಯರ್. 1914ರಲ್ಲಿ ಆತ ಬರೆದದ್ದು ಒಂದಲ್ಲ, ಎರಡು ಸೂತ್ರ. ದೂರದಿಂದ ಗುರಿಯಿಟ್ಟು ಗುಂಡು ಹಾರಿಸುವಾಗ ಯಾರು ಯಾರನ್ನಾದರೂ ಹೊಡೆಯಬಹುದು. ಅಲ್ಲಿ ಬಲ ಸಂಖ್ಯೆಯ ವರ್ಗದಷ್ಟು. ನಿಮ್ಮ ಅಂಕಿಗಳಲ್ಲಿ 6ರ ವರ್ಗ 36, 3ರ ವರ್ಗ 9; 36ರಿಂದ 9 ಕಳೆದರೆ 27, ಅದರ ವರ್ಗಮೂಲ ಸುಮಾರು 5.2. ಅಂದರೆ ಸುಲ್ತಾನರ ಸೈನ್ಯ ಪೂರ್ತಿ ನಾಶ, ವಿಜಯನಗರದ 5.2 ಲಕ್ಷ ಮಂದಿ ಬದುಕಿ ಮನೆಗೆ! ಕತ್ತಿ, ಭರ್ಜಿ ಹಿಡಿದವರಿಗೆ ಇದು ಹೊಂದುವುದಿಲ್ಲ. ಹಿಂದಿನ ಸಾಲಿನವನು ಎದುರಾಳಿಯನ್ನು ಮುಟ್ಟಲಾರ, ಸುಮ್ನೆ ನಿಂತಿರುತ್ತಾನೆ. ಅಂಥ ಕಡೆ ಇನ್ನೊಂದು ಸೂತ್ರ, ನೇರ ಕಳೆಯುವ ಲೆಕ್ಕ. ವರ್ಗದ ಸೂತ್ರದಲ್ಲಿ ಅರ್ಧ ಸೈನ್ಯ ಸರಿಸಮ ನಿಲ್ಲಬೇಕಾದರೆ ಒಬ್ಬೊಬ್ಬನೂ ನಾಲ್ಕು ಪಟ್ಟು ಗಟ್ಟಿಗನಾಗಿರಬೇಕು. ನೇರ ಲೆಕ್ಕದಲ್ಲಿ ಎರಡು ಪಟ್ಟು ಸಾಕು. ಒಳ್ಳೆಯ ಕುದುರೆ, ಒಳ್ಳೆಯ ತೋಪು ಇದ್ದವರಿಗೆ ಅದೇನು ದೂರದ ಮಾತಲ್ಲ.

ಇನ್ನು ಆ 6 ಲಕ್ಷ. ನಮ್ಮ ಕಡೆಯ ಲೆಕ್ಕದಲ್ಲೇ ನೋಡ್ರಿ. ಒಬ್ಬನಿಗೆ ದಿನಕ್ಕೆ ಒಂದು ಕಿಲೋ ಜೋಳ ಎಂದರೆ 6,000 ಕ್ವಿಂಟಲ್. ಬಂಡಿಗೆ ಹತ್ತು ಚೀಲ ಹೇರಿದರೂ ದಿನಾ 600 ಬಂಡಿ ಬರಬೇಕು. ಆನೆ, ಕುದುರೆ, ಆ ಬಂಡಿ ಎಳೆಯುವ ಎತ್ತುಗಳ ಮೇವು ಬೇರೆ. ಯುದ್ಧದ ಪ್ರೋಗ್ರಾಮ್‌ಗಿಂತ ಮೊದಲು ಈ ಬಂಡಿಗಳ ಪ್ರೋಗ್ರಾಮ್ ಬರೆಯಿರಿ. ಎಷ್ಟು ಸೊನ್ನೆ ಜಾಸ್ತಿಯಾಗಿವೆ ಎಂದು ಅದೇ ತೋರಿಸುತ್ತದೆ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ನಿಮ್ಮ ಸೈನಿಕರು ಓಡಿಹೋಗುವುದೇ ಇಲ್ಲ! ಕೊನೆಯವನು ಬೀಳುವ ತನಕ ಕಾದಾಡುತ್ತಾರೆ. ತಾಳಿಕೋಟೆಯಲ್ಲಿ ವಿಜಯನಗರದ ಸೈನ್ಯ ನಡೆಸುತ್ತಿದ್ದ ರಾಮರಾಯ ಸೆರೆಸಿಕ್ಕ, ತಲೆ ಹೋಯಿತು, ಸೈನ್ಯ ಚೆದುರಿತು. ಉಳಿದವರು ಎಷ್ಟು ಸಾವಿರ ಎಂಬ ಪ್ರಶ್ನೆಗೆ ಆಮೇಲೆ ಬೆಲೆಯೇ ಇರಲಿಲ್ಲ. ಇಷ್ಟು ಸಾವಾದರೆ, ಇಲ್ಲವೇ ನಾಯಕ ಬಿದ್ದರೆ ಸೈನ್ಯ ಒಡೆಯುತ್ತದೆ ಎಂಬ ನಿಯಮ ಸೇರಿಸಿ. ನಾಯಕ ಬೀಳುತ್ತಾನೋ ಇಲ್ಲವೋ ಎಂಬುದನ್ನು ದಾಳಕ್ಕೆ ಬಿಡಿ. ಸಾವಿರ ಸಲ ಓಡಿಸಿ, ಎಷ್ಟು ಸಲ ಯಾರು ಗೆದ್ದರು ಎಂದು ಎಣಿಸಿ. ನಡೆದ ಇತಿಹಾಸ ಆ ಸಾವಿರದಲ್ಲಿ ಒಂದು ಆಟ, ಅಷ್ಟೇ. ಅಪರೂಪದ ಆಟವೂ ಆಗಿರಬಹುದು.

ದಾಳ ಯಾಕೆ ಬೇಕು ಅಂತೀರಾ? ನಿಮ್ಮೂರ ಕೋಟೆಯನ್ನೇ ಕೇಳಿ. 1657ರಲ್ಲಿ ಔರಂಗಜೇಬ್ ಇನ್ನೂ ರಾಜಕುಮಾರ, ಬೀದರ್‌ಗೆ ಮುತ್ತಿಗೆ ಹಾಕಿದ್ದ. ಒಳಗೆ ಸಿದ್ದಿ ಮರ್ಜಾನ್ ಕಾಯುತ್ತಿದ್ದ. ಮೊಘಲರು ಹಾರಿಸಿದ ರಾಕೆಟ್‌ನ ಕಿಡಿ ಬುರುಜಿನ ಹಿಂದೆ ಕೂಡಿಟ್ಟಿದ್ದ ಮದ್ದಿಗೆ ತಗುಲಿತು. ಮರ್ಜಾನ್ ಅಲ್ಲೇ ನಿಂತಿದ್ದ, ಮೈಯೆಲ್ಲ ಸುಟ್ಟು ಉಳಿಯಲಿಲ್ಲ. 27 ದಿನಕ್ಕೆ ಕೋಟೆ ಕೈಬಿಟ್ಟಿತು. ಆ ಕಿಡಿ ನಾಲ್ಕು ಮಾರು ಆಚೆ ಬಿದ್ದಿದ್ದರೆ?

ಹಾಗಂತ ಸೂತ್ರ ದಂಡ ಅಲ್ಲ. 1945ರಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಕದನದಲ್ಲಿ ಅಮೆರಿಕದವರ ದಿನದಿನದ ನಷ್ಟದ ಲೆಕ್ಕ ಇತ್ತು. 1954ರಲ್ಲಿ ಎಂಗೆಲ್ ಎಂಬ ಗಣಿತಜ್ಞ ಅದಕ್ಕೆ ಲ್ಯಾಂಚೆಸ್ಟರ್ ಸೂತ್ರ ಹಚ್ಚಿದಾಗ ಚೆನ್ನಾಗಿಯೇ ಹೊಂದಿತು. ನಮ್ಮ ತಾಳಿಕೋಟೆಗೆ ಅಂಥ ದಿನಚರಿ ಎಲ್ಲಿದೆ?

ಹಾಗಾಗಿ ತಾಳಿಕೋಟೆ ಸದ್ಯ ಬಿಡಿ, ಬೀದರ್ ಮುತ್ತಿಗೆ ಹಿಡಿಯಿರಿ. ಗೋಡೆ, ಬುರುಜು, ಕಲ್ಲು ಕಡಿದು ಮಾಡಿದ ಮೂರು ಸಾಲಿನ ಕಂದಕ, ಎಲ್ಲ ಇನ್ನೂ ಅಲ್ಲೇ ಇವೆ. ಅಪ್ಪಣೆ ಪಡೆದು ಅಳೆಯಬಹುದು. ಫಲಿತಾಂಶದ ಜೊತೆಗೆ ನೀವು ಊಹೆಯಿಂದ ಹಾಕಿದ ಅಂಕಿಗಳನ್ನೂ ಬರೆದು ಕಳಿಸಿ. ಅದನ್ನೂ ಅಚ್ಚು ಹಾಕುತ್ತೇವೆ.