ಸಕ್ಕರೆ ಕಾಯಿಲೆ ಇದ್ದವರಿಗೆ ಕ್ವರ್ಸೆಟಿನ್ ಗುಳಿಗೆ ಬೇಕೋ, ಉಳ್ಳಾಗಡ್ಡಿ ಸಾಕೋ?

ಬಸವನ ಬಾಗೇವಾಡಿಯಲ್ಲಿರುವ ನಿಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ, ಸಿಆರ್‌ಪಿ (ಉರಿಯೂತವಿದ್ದರೆ ರಕ್ತದಲ್ಲಿ ಏರುವ ಪ್ರೋಟೀನು) ಲೀಟರಿಗೆ 4 ಮಿ.ಗ್ರಾಂ ಬಂದಿದೆ, ಉರಿಯೂತ ಇಳಿಸಲು ಕ್ವರ್ಸೆಟಿನ್ (ಉಳ್ಳಾಗಡ್ಡಿಯಲ್ಲಿರುವ ಒಂದು ಸಸ್ಯಾಂಶ) ಗುಳಿಗೆ ತರಿಸಲೋ, ಊರಿನ ಉಳ್ಳಾಗಡ್ಡಿ, ದ್ರಾಕ್ಷಿಯೇ ಸಾಕೋ ಅಂತ ಕೇಳಿದ್ದೀರಿ. ನಾನಂತೂ ಗುಳಿಗೆ ಬೇಡ ಅಂತೀನಿ.

ಹೊಟ್ಟೆಯೊಳಗಿನ ಬೊಜ್ಜು ಐಎಲ್-6, ಟಿಎನ್‌ಎಫ್-ಆಲ್ಫಾದಂಥ ರಾಸಾಯನಿಕಗಳನ್ನು ಬಿಡುತ್ತದೆ. ಅವು ಇನ್ಸುಲಿನ್ ಕೆಲಸಕ್ಕೆ ಅಡ್ಡ ಬರುತ್ತವೆ. ಐಎಲ್-6 ಯಕೃತ್ತಿಗೆ ತಲುಪಿದರೆ ಸಿಆರ್‌ಪಿ ಏರುತ್ತದೆ. ಕ್ವರ್ಸೆಟಿನ್‌ನಂಥ ಸಸ್ಯಾಂಶಗಳು, ಅಂದರೆ ಫ್ಲೇವನಾಯ್ಡ್‌ಗಳು, ಇವನ್ನು ಹೊರಡಿಸುವ ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು ತಡೆಯುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ ಚೆನ್ನಾಗಿ ಕಂಡಿದೆ. ಆದರೆ ಅಲ್ಲಿ ಸುರಿಯುವಷ್ಟು ಪ್ರಮಾಣ ನಮ್ಮ ರಕ್ತಕ್ಕೆ ಸೇರುವುದೇ ಇಲ್ಲ. ಕರುಳು, ಯಕೃತ್ತು ಅದನ್ನು ಬೇಗ ಬೇರೆ ರೂಪಕ್ಕೆ ತಿರುಗಿಸಿಬಿಡುತ್ತವೆ. ಮನುಷ್ಯರಿಗೆ ದಿನಕ್ಕೆ 500 ಮಿ.ಗ್ರಾಂ ಅಥವಾ ಹೆಚ್ಚು ಕ್ವರ್ಸೆಟಿನ್ ಕೊಟ್ಟಾಗ ಸಿಆರ್‌ಪಿ ಸ್ವಲ್ಪ ಇಳಿದದ್ದುಂಟು, ಎಲ್ಲ ಪರೀಕ್ಷೆಗಳಲ್ಲೂ ಅಲ್ಲ. 100 ಗ್ರಾಂ ಕೆಂಪು ಉಳ್ಳಾಗಡ್ಡಿಯಲ್ಲಿ ಸುಮಾರು 20ರಿಂದ 40 ಮಿ.ಗ್ರಾಂ ಕ್ವರ್ಸೆಟಿನ್ ಇರುತ್ತದೆ. ಲೆಕ್ಕ ಹಾಕಿ, ದಿನಕ್ಕೆ ಒಂದು ಕಿಲೋ ಮೇಲೇ ತಿನ್ನಬೇಕಾಗುತ್ತದೆ!

ಹಾಗಂತ ಉಳ್ಳಾಗಡ್ಡಿ ಬಿಡಬೇಡಿ. ಕ್ವರ್ಸೆಟಿನ್ ಹೆಚ್ಚಿರುವುದು ಹೊರಗಿನ ಪದರಗಳಲ್ಲಿ. ಒಣ ಸಿಪ್ಪೆಯ ಜತೆ ಎರಡು ದಪ್ಪ ಪದರ ಕಿತ್ತು ಬಿಸಾಕಿದರೆ ಒಳ್ಳೆಯ ಪಾಲೇ ಹೋಯಿತು. ಕುದಿಸಿದರೆ ಒಂದಷ್ಟು ನೀರಿಗೆ ಇಳಿಯುತ್ತದೆ, ಆ ನೀರು ಚೆಲ್ಲದೆ ಸಾರಿಗೆ ಹಾಕಿ. ರೊಟ್ಟಿ ಜತೆ ಗುದ್ದಿದ ಹಸಿ ಉಳ್ಳಾಗಡ್ಡಿ ಒಂದು, ಮೆಂತೆ ಇಲ್ಲವೇ ಹಕ್ಕರಕಿ ಪಲ್ಲೆ ಒಂದು ಹಿಡಿ, ಇಷ್ಟು ದಿನವೂ ಇರಲಿ. (ಜೋಳದಲ್ಲೂ ಫ್ಲೇವನಾಯ್ಡ್ ಇದೆ ಅಂತ ಹೇಳುವವರು ಕೆಂಪು, ಕಪ್ಪು ಜೋಳದ ಮಾತು ಆಡುತ್ತಾರೆ, ನಮ್ಮ ಬಿಳಿ ಮಾಲದಂಡಿಯಲ್ಲಿ ಅದು ಕಡಿಮೆ.)

ದ್ರಾಕ್ಷಿಯದು ಬೇರೆ ಕಥೆ. ಕಪ್ಪು ದ್ರಾಕ್ಷಿಯ ಬಣ್ಣವೇ ಆಂಥೋಸಯನಿನ್ ಎಂಬ ಫ್ಲೇವನಾಯ್ಡ್, ಅದು ಸಿಪ್ಪೆಯಲ್ಲಿದೆ. ವಿಜಯಪುರದ ಹಸಿರು ಥಾಮ್ಸನ್‌ನಲ್ಲಿ ಅದು ಇಲ್ಲ. ಯಾವ ದ್ರಾಕ್ಷಿಯಾದರೂ 100 ಗ್ರಾಮಿಗೆ ಸುಮಾರು 15 ಗ್ರಾಂ ಸಕ್ಕರೆ ಇರುತ್ತದೆ. ರಸ ಹಿಂಡಿದರೆ ನಾರು ಹೋಗಿ ಸಕ್ಕರೆ ಬೇಗ ಏರುತ್ತದೆ. ಒಂದು ಸಣ್ಣ ಮುಷ್ಟಿ ಸಾಕು, ಅದೂ ಊಟದ ಜತೆ. ಒಣದ್ರಾಕ್ಷಿ ಆರೋಗ್ಯಕ್ಕೆ ಅಂತ ಬಾಯಾಡಿಸುವುದು ಮಾತ್ರ ಬೇಡ.

ಚಹಾದಲ್ಲೂ ಫ್ಲೇವನಾಯ್ಡ್ ಇದೆ, ಆದರೆ ಊಟದ ಜತೆಗೇ ಕುಡಿದರೆ ಕಬ್ಬಿಣಾಂಶ ಸರಿಯಾಗಿ ಹೀರಿಕೆಯಾಗದು. ಒಂದು ತಾಸು ಬಿಟ್ಟು ಕುಡಿಯಲಿ, ಸಕ್ಕರೆ ಹಾಕದೆ.

ತಂದೆಯವರು ವಾರ್ಫರಿನ್‌ನಂಥ ರಕ್ತ ಹೆಪ್ಪುಗಟ್ಟದ ಮಾತ್ರೆ ತಗೊಳ್ಳುತ್ತಿದ್ದರೆ ವೈದ್ಯರನ್ನು ಕೇಳದೆ ಕ್ವರ್ಸೆಟಿನ್ ಗುಳಿಗೆ ಮುಟ್ಟಲೇಬೇಡಿ. ಸಕ್ಕರೆಯ ಮಾತ್ರೆಯನ್ನು ಉಳ್ಳಾಗಡ್ಡಿಯ ನೆಪದಲ್ಲಿ ಬಿಡಿಸಲೂಬೇಡಿ.

ಇನ್ನೊಂದು, ಒಂದೇ ಸಲದ ಸಿಆರ್‌ಪಿ ನಂಬಬೇಡಿ. ಜ್ವರ, ನೆಗಡಿಗೂ ಅದು ಏರುತ್ತದೆ. ಆರಾಮಿದ್ದಾಗ ಎರಡು ವಾರ ಬಿಟ್ಟು ಎಚ್‌ಎಸ್-ಸಿಆರ್‌ಪಿ (ಸಿಆರ್‌ಪಿಯನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯುವ ಪರೀಕ್ಷೆ) ಮತ್ತೆ ಮಾಡಿಸಿ. 3ರ ಮೇಲೇ ಉಳಿದರೆ ವಸಡನ್ನೂ ಹಲ್ಲಿನ ವೈದ್ಯರಿಗೆ ತೋರಿಸಿ. ಸಕ್ಕರೆ ಕಾಯಿಲೆಯವರಲ್ಲಿ ವಸಡಿನ ಸೋಂಕು ಸಾಮಾನ್ಯ, ಅದರಿಂದಲೂ ಈ ಸಂಖ್ಯೆ ಏರುತ್ತದೆ.